ಮರದ ಚಕ್ಕೆ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು: ನನ್ನ ಹಿತ್ತಲಿನ ಅನುಭವ

ಮರದ ಚಕ್ಕೆ, ಅಂದರೆ ಮಷಿನ್‌ನಲ್ಲಿ ಚೂರು ಮಾಡಿದ ಕೊಂಬೆ, ಮಣ್ಣಿನ ಮೇಲೆ ಹಾಸಿಬಿಟ್ಟರೆ ಸಾಕು, ತೋಟದ ಕೆಲಸವೆಲ್ಲ ತನ್ನಷ್ಟಕ್ಕೆ ಆಗುತ್ತದೆ ಅಂತ ಹೇಳುವ ವಿಡಿಯೋಗಳು ಈಗ ಬೇಕಾದಷ್ಟು ಸಿಗುತ್ತವೆ. ಹೆಚ್ಚಿನವು ಚಳಿ ದೇಶದವರು ಮಾಡಿದ್ದು. ಅವರಿಗೆ ನಮ್ಮಷ್ಟು ಗೆದ್ದಲಿಲ್ಲ, ನಮ್ಮ ಏಪ್ರಿಲ್ ಬಿಸಿಲಿಲ್ಲ, ಅಂಗೈ ತುಂಬುವ ಬಸವನಹುಳುವೂ ಇಲ್ಲ. ಮೈಸೂರಿನಲ್ಲಿ ನಮ್ಮ ಮನೆ ಹಿಂದಿನ ಜಾಗದಲ್ಲಿ ನಾನು ಕೆಲವು ವರ್ಷಗಳಿಂದ ಚಕ್ಕೆ ಹಾಸುತ್ತಿದ್ದೇನೆ, ಅಗೆಯುವುದನ್ನು ಹೆಚ್ಚುಕಮ್ಮಿ ಬಿಟ್ಟಿದ್ದೇನೆ. ಕೆಲಸ ಕಡಿಮೆಯಾಗಿದೆ, ನೀರು ಉಳಿಯುತ್ತಿದೆ, ಮಣ್ಣು ಬದಲಾಗಿದೆ. ಅಷ್ಟೆಲ್ಲ ನಿಜ. ಆದರೆ ಚಕ್ಕೆ ಎಲ್ಲ ಕಡೆಗೂ ಆಗಿಬರುವ ವಸ್ತುವಲ್ಲ.

ನಮ್ಮದು ಮನೆ ಕಟ್ಟುವಾಗ ತುಂಬಿಸಿದ ಮಣ್ಣು. ಕೆಂಪು ಮಣ್ಣು, ಜೊತೆಗೆ ಇಟ್ಟಿಗೆ ಚೂರು, ಜಲ್ಲಿ, ಒಣಗಿದ ಗಾರೆ. ಬೇಸಿಗೆಯಲ್ಲಿ ಗುದ್ದಲಿ ಹಾಕಿದರೆ ಠಣ್ ಅನ್ನುತ್ತಿತ್ತು. ಮೈಸೂರಿಗೆ ವರ್ಷಕ್ಕೆ ಬೀಳುವುದೇ ಸುಮಾರು 800 ಮಿಲಿಮೀಟರ್ ಮಳೆ, ಅದರಲ್ಲಿ ಜೋರು ಮಳೆಯೆಲ್ಲ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲೊಮ್ಮೆ. ಬರಿ ಮಣ್ಣಿನ ಮೇಲೆ ಆ ಹನಿ ಬಿದ್ದರೆ ಮೇಲ್ಪದರ ಹೆಪ್ಪುಗಟ್ಟಿ ಹಪ್ಪಳದ ಹಾಗೆ ಆಗುತ್ತದೆ, ಆಮೇಲೆ ಬಿದ್ದ ನೀರು ಇಂಗುವ ಬದಲು ನೇರ ಚರಂಡಿಗೆ. ಮಳೆ ನಿಂತ ಮೇಲೆ ಮತ್ತೆ ಅಗೆದು ಸಡಿಲ ಮಾಡುವುದು, ಮತ್ತೆ ಮಳೆ, ಮತ್ತೆ ಗಟ್ಟಿ. ಇದು ಮುಗಿಯುವ ಕೆಲಸ ಅಲ್ಲವೇ ಅಲ್ಲ.

ಚಕ್ಕೆ ಎಲ್ಲಿ ಸಿಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಮಳೆಗಾಲಕ್ಕೆ ಮುಂಚೆ ಕರೆಂಟ್ ತಂತಿಗೆ ತಾಗುವ ಕೊಂಬೆಗಳನ್ನು ಊರ ತುಂಬ ಕಡಿಯುತ್ತಾರಲ್ಲ, ಹೊಂಗೆ, ಗುಲ್ಮೊಹರ್, ಮಳೆಮರ, ಅದೇ ನನ್ನ ಮುಖ್ಯ ಸರಕು. ತೆಂಗಿನ ಗರಿ ಪುಡಿ ಮಾಡುವ ಶ್ರೆಡ್ಡರ್ ಇಟ್ಟುಕೊಂಡವರೊಬ್ಬರು ಹತ್ತಿರದ ಹಳ್ಳಿಯಲ್ಲಿದ್ದಾರೆ. ಮಷಿನ್ ಬಾಡಿಗೆ, ಗಾಡಿ ಬಾಡಿಗೆ ಕೊಟ್ಟರೆ ಆಯಿತು. ಒಂದು ಟ್ರ್ಯಾಕ್ಟರ್ ಟ್ರೇಲರ್ ಅಂದರೆ ಸುಮಾರು 100 ಘನ ಅಡಿ. 3 ಇಂಚು ದಪ್ಪ ಹಾಸಿದರೆ 400 ಚದರ ಅಡಿಗೆ ಬರುತ್ತದೆ. ನೋಡುವಾಗ ಗುಡ್ಡದಷ್ಟು ಕಾಣುತ್ತದೆ, ಹರಡಿದ ಮೇಲೆ ಇಷ್ಟೇನಾ ಅನ್ನಿಸುತ್ತದೆ.

ಸಾಮಿಲ್ಲಿನ ಹೊಟ್ಟು ಬೇರೆ, ಚಕ್ಕೆ ಬೇರೆ. ಗರಗಸದ ನುಣ್ಣನೆ ಹೊಟ್ಟು ಹಾಸಿದರೆ ಅಂಟಿಕೊಂಡು ಗಟ್ಟಿ ಪದರವಾಗುತ್ತದೆ, ನೀರು ಮೇಲೇ ಜಾರುತ್ತದೆ. ಪ್ಲೈವುಡ್ ಕೆಲಸ ಮಾಡುವ ಕಡೆಯದ್ದಂತೂ ಬೇಡವೇ ಬೇಡ, ಅದರಲ್ಲಿ ಅಂಟು, ಬಣ್ಣ ಎಲ್ಲ ಇರುತ್ತದೆ. ನೀಲಗಿರಿ ಚಕ್ಕೆಯನ್ನು ಹಸಿಯಾಗಿ ತರಕಾರಿಗೆ ಹಾಕುವುದಿಲ್ಲ, ಅದರೊಳಗಿನ ಎಣ್ಣೆ ಅಂಶ ಬೇರೆ ಗಿಡದ ಮೊಳಕೆಗೆ ಅಡ್ಡಿ ಮಾಡುತ್ತದೆ. ಕಾಲುದಾರಿಗೆ ಹಾಕಿದರೆ ಅದೇ ಅನುಕೂಲ! ನನಗೆ ಇಷ್ಟವಾದದ್ದು ಎಲೆ ಸಮೇತ ಪುಡಿಯಾದ ಎಳೆ ಕೊಂಬೆ. ಕೆನಡಾದ ಕ್ವಿಬೆಕ್‌ನಲ್ಲಿ ಲಾವಾಲ್ ವಿಶ್ವವಿದ್ಯಾಲಯದವರು ಇದನ್ನೇ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅವರ ಲೆಕ್ಕ ಏನೆಂದರೆ 7 ಸೆಂಟಿಮೀಟರ್‌ಗಿಂತ ಸಣ್ಣ ಕೊಂಬೆ ಒಳ್ಳೆಯದು, ಪೋಷಕಾಂಶ ಇರುವುದು ತೊಗಟೆ, ಚಿಗುರಿನ ಕಡೆಗೆ, ಕಾಂಡದ ತಿರುಳಿನಲ್ಲಿ ಅಲ್ಲ. ದಪ್ಪ ದಿಮ್ಮಿಯ ಚಕ್ಕೆ ಹಾಸಿದ ಕಡೆಗೂ ಎಳೆ ಕೊಂಬೆಯದ್ದು ಹಾಸಿದ ಕಡೆಗೂ ಇರುವ ವ್ಯತ್ಯಾಸ ನಮ್ಮಲ್ಲೂ ಕಣ್ಣಿಗೆ ಕಾಣುತ್ತದೆ. ಎಳೆಯದು ಬೇಗ ಕಪ್ಪಾಗಿ ಮಣ್ಣಿಗೆ ಸೇರುತ್ತದೆ.

ಹಾಸುವುದು ಸುಲಭ. ಕಳೆಯನ್ನು ಕೀಳುವುದಿಲ್ಲ, ನೆಲಮಟ್ಟಕ್ಕೆ ಕುಡುಗೋಲಿನಲ್ಲಿ ಕೊಯ್ದು ಅಲ್ಲೇ ಬಿಡುತ್ತೇನೆ. ಮಣ್ಣು ಚೆನ್ನಾಗಿ ನೆನೆಯಬೇಕು, ಒಣ ಮಣ್ಣಿನ ಮೇಲೆ ಚಕ್ಕೆ ಹಾಕಿದರೆ ಒಣದು ಒಣದಾಗಿಯೇ ಉಳಿಯುತ್ತದೆ. ಆಮೇಲೆ ಸಗಣಿ ಬಗ್ಗಡ ಅಥವಾ ಜೀವಾಮೃತ (ಸಗಣಿ, ಗಂಜಲ, ಬೆಲ್ಲ ಕಲಸಿ ಹುಳಿ ಬರಿಸಿದ ನೀರು), ಅದರ ಮೇಲೆ ಟೇಪು, ಸ್ಟಿಕ್ಕರು ಕಿತ್ತ ರಟ್ಟು, ರಟ್ಟಿನ ಅಂಚು ಒಂದರ ಮೇಲೊಂದು ಗೇಣು ಹಾಯುವ ಹಾಗೆ. ರಟ್ಟಿಗೆ ನೀರು, ಮೇಲೆ 3-4 ಇಂಚು ಚಕ್ಕೆ. ಕಾಂಗ್ರೆಸ್ ಗಿಡ, ಸಣ್ಣಪುಟ್ಟ ಕಳೆ ಎಲ್ಲ ಇದರಡಿ ಸತ್ತವು. ಗರಿಕೆ ಅಂಚಿನಿಂದ ನುಗ್ಗಿ ಬರುತ್ತದೆ, ಅದಕ್ಕೆ ಕಾವಲು ಬೇಕು. ಕೊನ್ನಾರಿ ಗಡ್ಡೆ ಮಾತ್ರ ಯಾರ ಮಾತೂ ಕೇಳುವುದಿಲ್ಲ, ರಟ್ಟನ್ನೇ ಸೂಜಿಯ ಮೊನೆಯಲ್ಲಿ ಚುಚ್ಚಿಕೊಂಡು ಮೇಲೆ ಬರುತ್ತದೆ. ಅದನ್ನು ಅಗೆದರೆ ಇನ್ನೂ ಕಷ್ಟ, ಗಡ್ಡೆ ಸರಪಳಿ ತುಂಡಾಗಿ ತುಂಡು ತುಂಡೂ ಚಿಗುರುತ್ತದೆ. ಎಲೆ ಕಂಡಾಗೆಲ್ಲ ಚಿವುಟುತ್ತಾ ಇರುವುದೇ ನನಗೆ ಗೊತ್ತಿರುವ ದಾರಿ.

ಈಗ ಮುಖ್ಯ ವಿಷಯ. ಚಕ್ಕೆ ಹಾಸುವುದು, ಅಗೆಯದಿರುವುದು, ಇವೆರಡನ್ನೂ ಬೇರೆ ಬೇರೆ ಅಂದುಕೊಳ್ಳುತ್ತಾರೆ. ಅಗೆಯುವವರು ಚಕ್ಕೆ ಹಾಕಬಾರದು ಅಂತಲೇ ನಾನು ಹೇಳುವುದು. ಮರದ ಚಕ್ಕೆಯಲ್ಲಿ ಒಂದು ಪಾಲು ಸಾರಜನಕಕ್ಕೆ 400 ಪಾಲಿನವರೆಗೂ ಇಂಗಾಲ ಇರುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಬೇಕಾದದ್ದು 1ಕ್ಕೆ 25-30ರ ಲೆಕ್ಕ. ಸಾಲದೆ ಬಂದ ಸಾರಜನಕವನ್ನು ಅವು ಸುತ್ತಲಿನ ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಚಕ್ಕೆ ಮೇಲೆಯೇ ಇದ್ದರೆ ಈ ಎಳೆದಾಟ ನಡೆಯುವುದು ಚಕ್ಕೆ, ಮಣ್ಣು ಸೇರುವ ತೆಳು ಪದರದಲ್ಲಿ ಮಾತ್ರ, ಗಿಡದ ಬೇರು ಅದಕ್ಕಿಂತ ಕೆಳಗಿರುತ್ತದೆ. ಅಗೆದು ಬೆರೆಸಿದರೆ ಬೇರಿನ ಮಗ್ಗುಲಲ್ಲೇ ಕಿತ್ತಾಟ, ಎಲೆಯೆಲ್ಲ ಹಳದಿ. ಚಕ್ಕೆ ಹಾಕಿ ಗಿಡ ಹಾಳಾಯಿತು ಅಂತ ಹೇಳುವವರ ತೋಟಕ್ಕೆ ಹೋಗಿ ನೋಡಿದರೆ ಹೆಚ್ಚಾಗಿ ಇದೇ ಕಥೆ. ಗೊಬ್ಬರ ಅಂದಮೇಲೆ ಮಣ್ಣಿಗೆ ಬೆರೆಸಬೇಕಲ್ವಾ ಅಂತ ಕೈ ತಾನಾಗಿ ಗುದ್ದಲಿ ಹಿಡಿಯುತ್ತದೆ.

ನನ್ನ ಹೆಂಡತಿಯ ತವರು ಸಾಗರದ ಕಡೆ. ಅಲ್ಲಿ ಅಡಿಕೆ ತೋಟದವರಿಗೆ ಇದೆಲ್ಲ ಹೊಸದೇನಲ್ಲ. ಸೊಪ್ಪಿನ ಬೆಟ್ಟದಿಂದ (ತೋಟದವರು ಸೊಪ್ಪು ತರುವ ಕಾಡು) ದರಗು, ಅಂದರೆ ಒಣ ಎಲೆ, ಗುಡಿಸಿ ತಂದು ಕೊಟ್ಟಿಗೆಯಲ್ಲಿ ಹಾಸುತ್ತಾರೆ, ದನ ತುಳಿದು, ಸಗಣಿ ಗಂಜಲ ಬೆರೆತು ಗೊಬ್ಬರದ ಗುಂಡಿಗೆ ಹೋಗಿ ಆಮೇಲೆ ತೋಟಕ್ಕೆ. ಇಂಗಾಲಕ್ಕೆ ಸಾರಜನಕ ಕೂಡಿಸುವ ಕೆಲಸ ಕೊಟ್ಟಿಗೆಯಲ್ಲೇ ಮುಗಿದಿರುತ್ತದೆ, ಯಾರೂ ಲೆಕ್ಕ ಹಾಕಬೇಕಾಗಿಲ್ಲ. ನನಗೆ ಕೊಟ್ಟಿಗೆ ಇಲ್ಲ. ಹಾಗಾಗಿ ಚಕ್ಕೆಯ ಅಡಿಗೆ ಸಗಣಿ ಬಗ್ಗಡ ಸುರಿಯುವುದು. ಸುಭಾಷ್ ಪಾಳೇಕರ್ ಅವರ ನೈಸರ್ಗಿಕ ಕೃಷಿ ಪದ್ಧತಿಯ ಜೀವಾಮೃತ ಎಕರೆಗೆ ಅಂತ 10 ಕೆ.ಜಿ. ಸಗಣಿ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಗಂಜಲ, ಒಂದು ಹಿಡಿ ಮಣ್ಣು, 200 ಲೀಟರ್ ನೀರಿನ ಲೆಕ್ಕ. ನಮ್ಮ ಹಿತ್ತಲಿಗೆ ಒಂದು ಬಕೆಟ್ ಸಾಕು.

ಇನ್ನು ಎಲ್ಲಿ ಬೇಡ ಅನ್ನುವುದು.

ಸೊಪ್ಪಿನ ಮಡಿಗೆ ಬೇಡ. ದಂಟು, ಮೆಂತ್ಯ, ಕೊತ್ತಂಬರಿ, ಹರಿವೆ ಇವೆಲ್ಲ ಚಕ್ಕೆಯನ್ನು ಸೀಳಿಕೊಂಡು ಬರುವುದಿಲ್ಲ. ಆ ಮಡಿಗಳಿಗೆ ಹುಡಿ ಗೊಬ್ಬರವೇ ಹೊದಿಕೆ, ಮೊಳಕೆ ಎದ್ದ ಮೇಲೆ ಸಾಲಿನ ನಡುವೆ ಸ್ವಲ್ಪ ಭತ್ತದ ಹುಲ್ಲು. ಹುಲ್ಲಿನಲ್ಲಿ ಉಳಿದ ಭತ್ತ ಮೊಳೆಯುತ್ತದೆ, ಕಿತ್ತು ಹಾಕಿದರಾಯಿತು. ಬದನೆ, ಟೊಮೆಟೊ, ಮೆಣಸಿನಗಿಡ ಸಸಿ ಮಾಡಿ ನೆಡುವಂಥವು. ಅವುಗಳಿಗೆ ಚಕ್ಕೆ ಪಕ್ಕಕ್ಕೆ ಸರಿಸಿ, ಕೈಗುದ್ದಲಿಯಲ್ಲಿ ಸಸಿಗೆ ಬೇಕಾದಷ್ಟೇ ಗುಳಿ ಮಾಡಿ, ಒಂದು ಬೊಗಸೆ ಗೊಬ್ಬರ ಹಾಕಿ ನೆಟ್ಟು, ಗಿಡ ನೆಲೆ ನಿಂತ ಮೇಲೆ ಚಕ್ಕೆ ಹತ್ತಿರಕ್ಕೆ ಎಳೆಯುತ್ತೇನೆ. ಚಕ್ಕೆಗೆ ನಿಜವಾಗಿ ಒಗ್ಗುವುದು ವರ್ಷಗಟ್ಟಲೆ ಒಂದೇ ಕಡೆ ನಿಲ್ಲುವ ಗಿಡ. ನಿಂಬೆ, ಸೀತಾಫಲ, ಕರಿಬೇವು, ದಾಸವಾಳ, ಬಾಳೆ. ಬಾಳೆಯಂತೂ ಎಷ್ಟು ಹಾಕಿದರೂ ತಿನ್ನುತ್ತದೆ.

ಕಾಂಡಕ್ಕೆ ತಾಗುವ ಹಾಗೆ ಬೇಡ. ಪಪ್ಪಾಯಿಗೆ ವಿಶೇಷವಾಗಿ. ಬುಡದಲ್ಲಿ ತೇವ ನಿಂತರೆ ಮಳೆಗಾಲದಲ್ಲಿ ಕೊಳೆ ಹತ್ತಿ ಗಿಡ ಹಾಗೇ ಮಲಗುತ್ತದೆ. ಸುತ್ತ ಒಂದು ಗೇಣು ಬರಿ ಮಣ್ಣು ಬಿಡಬೇಕು.

ಗೋಡೆಗೆ ತಾಗಿಸಿ ಬೇಡ. ಗೆದ್ದಲು ಬಂದೇ ಬರುತ್ತದೆ, ಅದರ ಊಟ ನಾವೇ ತಂದು ಹಾಕಿರುತ್ತೇವೆ. ಚಕ್ಕೆಯಲ್ಲಿ ಗೆದ್ದಲು ಕಂಡರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಸತ್ತ ಮರ ತಿಂದು ಮಣ್ಣು ಮಾಡುವುದೇ ಅದರ ಕೆಲಸ, ಚೆನ್ನಾಗಿ ಬೆಳೆದ ಗಿಡದ ತಂಟೆಗೆ ಅದು ಸಾಮಾನ್ಯವಾಗಿ ಹೋಗುವುದಿಲ್ಲ. ನೀರಿಲ್ಲದೆ ಸೊರಗಿದ ಹೊಸ ಸಸಿಗೆ ಹೋಗುತ್ತದೆ. ಬಾಗಿಲ ಚೌಕಟ್ಟಿಗೂ ಹೋಗುತ್ತದೆ! ಆದ್ದರಿಂದ ಮನೆ ಗೋಡೆ ಉದ್ದಕ್ಕೂ ಎರಡು ಅಡಿ ಜಲ್ಲಿ ಹಾಕಿ ಬಿಟ್ಟಿದ್ದೇನೆ. ಗೋಡೆಯ ಮೇಲೆ ಮಣ್ಣಿನ ಗೆರೆ ಏರುತ್ತಿದೆಯಾ ಅಂತ ಆಗಾಗ ನೋಡುತ್ತೇನೆ.

ತೆಂಗಿನ ಮರ ಇರುವವರು ರಾಶಿ ಹಾಕಿ ಇಡಬೇಡಿ. ಕೊಂಬಿನ ದುಂಬಿ, ಅದೇ ಸುಳಿ ಕೊರೆದು ಗರಿಯನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಮಾಡುತ್ತದಲ್ಲ, ಅದು ಮೊಟ್ಟೆ ಇಡುವುದು ತಿಪ್ಪೆಗುಂಡಿ, ಕೊಳೆಯುವ ಮರ, ಇಂಥ ಬೆಚ್ಚಗಿನ ಜಾಗದಲ್ಲಿ. ತೆಳುವಾಗಿ ಹರಡಿದ ಚಕ್ಕೆ ಅದಕ್ಕೆ ಅಷ್ಟಾಗಿ ಹಿಡಿಸುವುದಿಲ್ಲ. ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದ ರಾಶಿ ಅದಕ್ಕೆ ಹೆರಿಗೆ ಮನೆ. ಲೋಡು ಬಂದ ವಾರದಲ್ಲೇ ಹರಡಿ ಮುಗಿಸುತ್ತೇನೆ. ಉಳಿದರೆ ಮಗುಚುವಾಗ ಬಿಳಿ ದಪ್ಪ ಗೊಣ್ಣೆಹುಳು ಆರಿಸಿ ತೆಗೆಯಬೇಕು. ಗೊಬ್ಬರದ ಗುಂಡಿಗೆ ಈ ಹುಳುವನ್ನು ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರದ ಪುಡಿ ಹಾಕುವುದೂ ಉಂಟು.

ಬಸವನಹುಳು ಇದೆಲ್ಲಕ್ಕಿಂತ ದೊಡ್ಡ ತಲೆನೋವು. ಆಫ್ರಿಕನ್ ದೈತ್ಯ ಬಸವನಹುಳು, 1847ರಲ್ಲಿ ಕೋಲ್ಕತ್ತಾದಲ್ಲಿ ಯಾರೋ ಪುಣ್ಯಾತ್ಮರು ತಂದು ತೋಟಕ್ಕೆ ಬಿಟ್ಟದ್ದು, ಈಗ ನಮ್ಮ ಹಿತ್ತಲಿಗೂ ಬಂದಿದೆ. ಚಕ್ಕೆಯಡಿ ತಂಪು, ಕತ್ತಲು, ಬೇಕಾದ್ದೆಲ್ಲ ಇದೆ. ಜೂನ್‌ನಿಂದ ನವೆಂಬರ್‌ವರೆಗೆ ಸಂಜೆ ಒದ್ದೆ ಗೋಣಿಚೀಲದಡಿ ಪಪ್ಪಾಯಿ ಎಲೆ, ಕೋಸಿನ ಎಲೆ ಇಡುತ್ತೇನೆ, ಬೆಳಿಗ್ಗೆ ಎತ್ತಿದರೆ ಗುಂಪಾಗಿ ಕೂತಿರುತ್ತವೆ, ಉಪ್ಪುನೀರಿನ ಬಕೆಟ್‌ಗೆ. ಬರಿಗೈಯಲ್ಲಿ ಮುಟ್ಟಬೇಡಿ, ಅದರ ಲೋಳೆಯಲ್ಲಿ ಮನುಷ್ಯರಿಗೆ ಹತ್ತುವ ಪರಾವಲಂಬಿ ಹುಳು ಇರಬಹುದು, ಕೈಗವಸು ಹಾಕಿ. ಕೆಂಬೂತ ಒಂದು ಜೋಡಿ ಬಂದು ಹೋಗುತ್ತದೆ, ಅದು ಇವನ್ನು ತಿನ್ನುತ್ತದೆ. ಹಾಗಾಗಿ ವಿಷದ ಕಾಳು ಹಾಕಲು ಮನಸ್ಸು ಬರುವುದಿಲ್ಲ. ಹರಟೆಮಲ್ಲ ಹಕ್ಕಿಗಳೂ ಬರುತ್ತವೆ, ಗುಂಪು ಗುಂಪಾಗಿ. ಅವು ಹುಳ ಹುಡುಕುತ್ತಾ ಚಕ್ಕೆಯನ್ನೆಲ್ಲ ಕೆದಕಿ ದಾರಿಗೆ ಚೆಲ್ಲಿ ಹೋಗುತ್ತವೆ, ದಿನಾ ಗುಡಿಸಿ ವಾಪಸ್ ಹಾಕುವ ಕೆಲಸ ನನ್ನದು.

ನೀರಿನ ಬಗ್ಗೆ ಒಂದು ಮಾತು. ಬೇಸಿಗೆಯಲ್ಲಿ ಬದನೆಗೆ ದಿನಾ ಹಾಕುತ್ತಿದ್ದ ನೀರು ಈಗ ಮೂರು ನಾಲ್ಕು ದಿನಕ್ಕೊಮ್ಮೆ ಆಗಿದೆ. ಆದರೆ ಏಪ್ರಿಲ್‌ನ ಸಣ್ಣ ಹನಿ ಮಳೆಯನ್ನು ಚಕ್ಕೆಯೇ ಕುಡಿದುಬಿಡುತ್ತದೆ, ಕೆಳಗೆ ಮಣ್ಣು ಒಣಗಿಯೇ ಇರುತ್ತದೆ. ಮೇಲೆ ಒದ್ದೆ ಕಂಡಿತು ಅಂತ ಸುಮ್ನೆ ಇರಬಾರದು, ಬೆರಳು ಹಾಕಿ ನೋಡಬೇಕು. ನನ್ನ ಡ್ರಿಪ್ ಪೈಪು ಚಕ್ಕೆಯ ಅಡಿಗೇ ಇದೆ. ಅಳಿಲು ಕಡಿಯುವುದೂ ಕಡಿಮೆ.

ಪೂರ್ತಿ ಅಗೆಯದೆ ಇರುತ್ತೀರಾ ಅಂತ ಕೇಳಿದರೆ, ಇಲ್ಲ. ಅರಿಶಿನ, ಶುಂಠಿ, ಗೆಣಸು ಅಗೆಯದೆ ಹೇಗೆ ಕೀಳುವುದು? ಅವನ್ನು ಒಂದೇ ಮೂಲೆಗೆ ಸೇರಿಸಿದ್ದೇನೆ, ಅಲ್ಲಿ ಚಕ್ಕೆ ಹಾಕುವುದಿಲ್ಲ, ಹೊಂಗೆ ಸೊಪ್ಪು, ಒಣ ಎಲೆ ಅಷ್ಟೇ. ಅವು ಅಗೆಯುವಾಗ ಮಣ್ಣಿಗೆ ಬೆರೆತರೂ ಚಕ್ಕೆಯಷ್ಟು ಕಾಟ ಕೊಡುವುದಿಲ್ಲ. ಉಳಿದ ಕಡೆ ಬೆಳೆ ಮುಗಿದ ಗಿಡವನ್ನು ನೆಲಮಟ್ಟಕ್ಕೆ ಕೊಯ್ಯುತ್ತೇನೆ, ಬೇರು ಒಳಗೇ ಕೊಳೆಯಲಿ. ಅವರೆ, ಅಲಸಂದೆ ಬೇರಿನ, ಸಾರಜನಕ ಕೂಡಿಡುವ ಗಂಟುಗಳನ್ನು ಕಿತ್ತು ಬಿಸಾಡುವುದು ಶುದ್ಧ ನಷ್ಟ.

ಮೊದಲ ಮಳೆಗೆ ಚಕ್ಕೆಯ ಮೇಲೆ ಬಿಳಿ ಬೂಷ್ಟು, ಅಣಬೆ, ಕೆಲವೊಮ್ಮೆ ಹಳದಿ ನೊರೆಯಂಥದ್ದು ಏಳುತ್ತದೆ. ಗಾಬರಿ ಬೇಡ, ಮರ ಕೊಳೆಯುವ ದಾರಿಯೇ ಅದು. ಅಣಬೆ ತಿನ್ನಲು ಹೋಗಬೇಡಿ.

ನಮ್ಮ ಬೀದಿಯಲ್ಲಿ ಅಂಗಳ ಅಂದರೆ ಗುಡಿಸಿ, ನೀರು ಚಿಮುಕಿಸಿ, ಒಂದು ಎಲೆಯೂ ಇಲ್ಲದ ಹಾಗೆ ಇರಬೇಕು. ಇದೇನು ಕಸ ಹಾಕ್ಕೊಂಡಿದ್ದೀರಾ, ಹಾವು ಬರುತ್ತೆ ಅಂತ ಅಕ್ಕಪಕ್ಕದವರು ಹೇಳುತ್ತಲೇ ಇರುತ್ತಾರೆ. 3 ಇಂಚಿನ ಚಕ್ಕೆಯಲ್ಲಿ ಹಾವು ಅಡಗುವುದು ಕಷ್ಟ, ಇಟ್ಟಿಗೆ ರಾಶಿ, ಇಲಿ ಬಿಲ ಇರುವ ಕಡೆಯೇ ಅದಕ್ಕೆ ಅನುಕೂಲ. ಆದರೂ ದಾರಿಯ ಎರಡೂ ಬದಿಗೆ ಕಲ್ಲು ಜೋಡಿಸಿ ಅಂಚು ಕಟ್ಟಿದೆ. ಅಂಚು ಬಂದ ಮೇಲೆ ಕಸ ಅನ್ನುವ ಮಾತು ನಿಂತಿತು, ಪಕ್ಕದ ಮನೆಯವರು ಒಣ ಎಲೆಯನ್ನು ಸುಡದೆ ಚೀಲದಲ್ಲಿ ಕಟ್ಟಿ ನಮ್ಮ ಗೇಟಿನ ಹತ್ತಿರ ಇಡಲು ಶುರು ಮಾಡಿದ್ದಾರೆ. ಅದರಲ್ಲಿ ಆಗಾಗ ಚಿಪ್ಸ್ ಪೊಟ್ಟಣ, ಹಾಲಿನ ಕವರ್ ಇರುತ್ತವೆ, ಆರಿಸಿಕೊಂಡು ಬಾಳೆಗೆ ಹಾಕುತ್ತೇನೆ.