ಕಾರು ನಿಲ್ಲಿಸುವ ಜಾಗದಲ್ಲಿ ಇಂಗುಬಾವಿ: ನನ್ನ ಅನುಭವ

2025ರ ಬೇಸಿಗೆಯಲ್ಲಿ ನಮ್ಮ ಮನೆಗೆ ನೀರಿನ ಟ್ಯಾಂಕರ್ ತರಿಸಬೇಕಾಗಲಿಲ್ಲ. ಬೆಂಗಳೂರಿನ ವಿದ್ಯಾರಣ್ಯಪುರದ ನಮ್ಮ ಅಡ್ಡರಸ್ತೆಯಲ್ಲಿ ಹೀಗೆ ಹೇಳಬಲ್ಲವರು ಕಡಿಮೆ, ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ. ಮೂವತ್ತು-ನಲವತ್ತು ಅಡಿಯ ಸೈಟಿನಲ್ಲಿ ಇಂಗುಬಾವಿ, ಅಂದರೆ ಮಳೆನೀರನ್ನು ನೆಲಕ್ಕೆ ಇಂಗಿಸುವ ಬಾವಿ, ತೋಡಿಸುತ್ತೇನೆ ಎಂದಾಗ ಎದುರು ಮನೆಯ ನಿವೃತ್ತ ಎಂಜಿನಿಯರರು, "ಪಾಯ ಕುಸಿಯುತ್ತದೆ ಸ್ವಾಮಿ, ಬೇಡ" ಎಂದಿದ್ದರು.

ಮೊದಲು ಎಲ್ಲರಂತೆ ತಾರಸಿಯ ಪೈಪಿಗೆ ಅಂಗಡಿಯ ಫಿಲ್ಟರ್ ಹಾಕಿಸಿ ನೀರನ್ನು ನೆಲದಡಿಯ ಸಂಪ್‌ಗೆ ಬಿಟ್ಟೆ. ಹದಿನಾಲ್ಕು ಸಾವಿರದ ಹತ್ತಿರ ಆಯಿತು. ಹೊಂಗೆ ಹೂ ಉದುರುವ ಕಾಲಕ್ಕೇ ಭರಣಿ ಮಳೆ. ಹೂವು, ಪಾರಿವಾಳದ ಹಿಕ್ಕೆ ಸೇರಿ ಜಾಲರಿ ಕಟ್ಟಿ ನೀರು ತಾರಸಿಯಲ್ಲೇ ನಿಂತಿತು. ಆಮೇಲೆ ಜಲ್ಲಿ, ಇದ್ದಿಲು, ಮರಳಿನ ಡ್ರಮ್ಮು. ಸೋಸುವುದೇನೋ ಚೆನ್ನಾಗಿ ಸೋಸಿತು. ಆದರೆ ಬೆಂಗಳೂರಿನ ಮಳೆ ಅರ್ಧ ಗಂಟೆಯಲ್ಲಿ ಸುರಿದು ಮುಗಿಯುವಂಥದ್ದು. 900 ಚದರಡಿ ತಾರಸಿಗೆ 50 ಮಿ.ಮೀ. ಬಿದ್ದರೆ ನಾಲ್ಕು ಸಾವಿರ ಲೀಟರಿಗೂ ಹೆಚ್ಚು. ಡ್ರಮ್ಮು ಆ ವೇಗಕ್ಕೆ ನುಂಗದೆ ಚೆಲ್ಲಿತು. ನುಂಗಿದರೂ ಸಂಪಿನಲ್ಲಿ ಕಾವೇರಿ ನೀರು ಮೊದಲೇ ಇರುತ್ತದೆ, ಮಿಕ್ಕದ್ದು ಚರಂಡಿಗೇ.

2024ರ ಮಾರ್ಚ್‌ನಲ್ಲಿ ಬೋರ್‌ವೆಲ್ ಕೆಸರು ಕಕ್ಕಿತು. ಆರು ಸಾವಿರ ಲೀಟರ್ ಟ್ಯಾಂಕರಿಗೆ ಐದು ಕಿ.ಮೀ. ಒಳಗೆ 600 ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಿತ್ತು. ನಾನು ಕೊಟ್ಟದ್ದು ಹೆಚ್ಚುಕಡಿಮೆ ಅದರ ಎರಡರಷ್ಟು. ಆ ಸಿಟ್ಟಿನಲ್ಲೇ ಭೋವಿ ಸಮುದಾಯದ ಬಾವಿ ತೋಡುವವರನ್ನು ಕರೆಸಿದೆ.

ಮೂರಡಿ ಅಗಲದ ಸಿಮೆಂಟ್ ರಿಂಗು, ಇಪ್ಪತ್ತಡಿ ಆಳ. ಮೇಲಿನ ನಾಲ್ಕಡಿ ಬರೀ ಕಟ್ಟಡದ ಕಸ, ಆಮೇಲೆ ಒಳ್ಳೆಯ ಕೆಮ್ಮಣ್ಣು. ಕೂಲಿ, ರಿಂಗು ಸೇರಿ ನಲವತ್ತು ಸಾವಿರ ಚಿಲ್ಲರೆ. ಮಣ್ಣು ಸಾಗಿಸಲು ಟ್ರ್ಯಾಕ್ಟರ್‌ಗೆ ಬೇರೆ ಮೂರು ಸಾವಿರ; ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ತಳಕ್ಕೆ ಕಾಂಕ್ರೀಟ್ ಹಾಕಿಸಬೇಡಿ, ರಿಂಗಿನ ಸಂದಿಗೆ ಸಿಮೆಂಟ್ ಮೆತ್ತಿಸಬೇಡಿ; ನೀರು ಇಂಗುವುದೇ ಅಲ್ಲಿಂದ. ತಾರಸಿಯ ನೀರು ಬಾವಿಗೆ ಇಳಿಯುವ ಮುಂಚೆ ಕಸ ತಂಗಲು ಎರಡಡಿಯ ತೊಟ್ಟಿ ಇದೆ. ಅದರೊಳಗಿನ ಅಡ್ಡಗೋಡೆಯ ಎತ್ತರ ನನ್ನ ಗುಟ್ಟು. ಮನೆಗೆ ಬಂದು ಕಾಫಿ ಕುಡಿದವರಿಗೆ ಮಾತ್ರ ತೋರಿಸುತ್ತೇನೆ.

ಆ ಅಕ್ಟೋಬರಿನ ಚಿತ್ತಾ ಮಳೆ ಯಲಹಂಕದ ಕಡೆ ವಸತಿ ಸಮುಚ್ಚಯಗಳನ್ನೇ ಮುಳುಗಿಸಿತಲ್ಲ, ಆ ರಾತ್ರಿ ನಮ್ಮ ಬಾವಿ ಕಂಠದವರೆಗೆ ತುಂಬಿತು. ಮರುದಿನ ಮಧ್ಯಾಹ್ನಕ್ಕೆ ಅರ್ಧ ಇಳಿದಿತ್ತು. ಗೋಡೆಗೆ ತೇವವಿಲ್ಲ, ಪಾಯ ಅಲುಗಿಲ್ಲ. ಅದನ್ನು ನೋಡಿದ ಪಕ್ಕದ ಮನೆಯವರು ತಮ್ಮ ತಾರಸಿಯ ಒಂದು ಪೈಪನ್ನೂ ಇತ್ತ ತಿರುಗಿಸಿದರು. ಇಪ್ಪತ್ತು ನಿಮಿಷಕ್ಕೆ ಗಾಳಿ ಎಳೆಯುತ್ತಿದ್ದ ಬೋರ್‌ವೆಲ್ ಈಗ ಮುಕ್ಕಾಲು ಗಂಟೆ ನೀರೆತ್ತುತ್ತದೆ. ಎಲ್ಲ ದೊಡ್ಡಬೊಮ್ಮಸಂದ್ರ ಕೆರೆಯ ಕೃಪೆ ಎನ್ನುತ್ತಾರೆ ಎಂಜಿನಿಯರರು. ಕೆರೆ ಮೊದಲೂ ಇತ್ತು.

ನಡುವೆ ವಾಷಿಂಗ್ ಮೆಷಿನ್ ನೀರನ್ನು ಹಿತ್ತಲಿನ ಬಾಳೆಗೆ ತಿರುಗಿಸಿ ನೋಡಿದೆ. ಸೋಪಿನ ಪುಡಿಗೆ ಎಲೆಯಂಚು ಸುಟ್ಟಿತು. ಅಂಟುವಾಳಕ್ಕೆ ಬದಲಾಯಿಸಿದ ಮೇಲೆ ಗೊನೆ ಬಿಟ್ಟಿತು, ಬಟ್ಟೆ ಮಾತ್ರ ಮಂಕಾಯಿತೆಂದು ಮನೆಯವರ ತಕರಾರು. ಸೊಳ್ಳೆಗೆಂದು ಬಾವಿಗೆ ಗಪ್ಪಿ ಮೀನು ಬಿಟ್ಟದ್ದು ದಂಡ. ಇಂಗುಬಾವಿಯಲ್ಲಿ ನೀರು ಹೆಚ್ಚು ದಿನ ನಿಲ್ಲುವುದೇ ಇಲ್ಲವಲ್ಲ! ಈಗ ಮುಚ್ಚಳದಡಿ ಸೊಳ್ಳೆಪರದೆಯ ಬಲೆ ಬಿಗಿದಿದ್ದೇನೆ. ಮುಚ್ಚಳಕ್ಕೆ ಜಿಪುಣತನ ಮಾಡಬೇಡಿ. ಮೇಲೆ ಕಾರು ನಿಲ್ಲುತ್ತದೆ. ಕಬ್ಬಿಣದ ಚೌಕಟ್ಟಿಗೆ ನನಗೆ ಆರು ಸಾವಿರವಾಯಿತು, ಈಗ ಇನ್ನೂ ಹೆಚ್ಚಾದೀತು.