ಮೆಟ್ಟಿಲು ಬಿಟ್ಟು ಮಂಜು ಹಿಡಿದೆ: ಹಳೇ ನೋವಿಗೆ ಹಿಪ್ನಾಸಿಸ್, ನನ್ನ ಅನುಭವ

ನನ್ನ ಹತ್ತಿರ ಹಿಪ್ನಾಸಿಸ್‌ಗೆ (ಸಮ್ಮೋಹನಕ್ಕೆ) ಬಂದಿದ್ದ ನಮ್ಮ ಸುಬೇದಾರರು ಈ ಸಲ ಪುತ್ತರಿ ಸುಗ್ಗಿ ಹಬ್ಬಕ್ಕೆ ಗದ್ದೆಗಿಳಿದು ಕದಿರು ಕೊಯ್ದರು. ಎರಡು ಆಪರೇಷನ್ ಆದ ಸೊಂಟ, ಒಂಬತ್ತು ವರ್ಷದ ನೋವು. ‘ನಿನ್ನ ಹಿಪ್ನಾಸಿಸ್‌ಗೂ ಮಾಟಕ್ಕೂ ಏನು ವ್ಯತ್ಯಾಸ?’ ಎಂದು ಕೇಳಿದ್ದ ಫಿಸಿಯೋ ಗೆಳೆಯರೇ ಈಗ ಫೋನ್ ಮಾಡಿ, ನಾನು ಹೇಳಿಸುವ ಮಾತುಗಳ ಸ್ಕ್ರಿಪ್ಟ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯಲು ಕೂತೆ.

ಕೊಡಗಿನ ಗೋಣಿಕೊಪ್ಪದಲ್ಲಿ ನನ್ನದು ಸಣ್ಣ ಕ್ಲಿನಿಕ್. ಬೆಂಗಳೂರಿಗೆ ಓಡಾಡಿ ಹಿಪ್ನಾಸಿಸ್ ಕೋರ್ಸ್ ಮುಗಿಸುವಷ್ಟರಲ್ಲಿ 40 ಸಾವಿರ ಖರ್ಚಾಗಿತ್ತು. ಒರಗುವ ಕುರ್ಚಿಗೆ 18 ಸಾವಿರ. ಸಮುದ್ರದ ಅಲೆಯ ಸದ್ದು ಹಾಕಿಸಿ ಸ್ಟುಡಿಯೋದಲ್ಲಿ ಆಡಿಯೋ ಮಾಡಿಸಿದೆ, ಅದಕ್ಕೆ 12 ಸಾವಿರ ಇರಬೇಕು. ಮೊದಲ ವರ್ಷ ಹದಿನಾಲ್ಕು ಜನ ಬಂದರು. ಮೂರನೇ ಸೆಷನ್‌ಗೆ ಉಳಿದವರು ಮೂವರು. ಕುರ್ಚಿಯಲ್ಲಿ ಇಪ್ಪತ್ತು ನಿಮಿಷ ಕೂತರೆ ಸೊಂಟ ಹಿಡಿಯುತ್ತಿತ್ತು. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬಂದ ಒಬ್ಬ ಅಜ್ಜಿ ಆಡಿಯೋ ಕೇಳಿ, ‘ಇದೇನು ಮೇಡಂ, ಲಾರಿ ಹೋದ ಹಾಗೆ?’ ಎಂದರು. ಅವರು ಸಮುದ್ರವನ್ನೇ ನೋಡಿರಲಿಲ್ಲ.

ದೊಡ್ಡ ಪೆಟ್ಟು ಸುಬೇದಾರರಿಂದಲೇ ಬಿತ್ತು. ಡೀಪನಿಂಗ್‌ಗೆ, ಅಂದರೆ ಸಮ್ಮೋಹನವನ್ನು ಇನ್ನಷ್ಟು ಆಳಕ್ಕಿಳಿಸಲು, ಎಲ್ಲರೂ ಮಾಡುವಂತೆ ಕಲ್ಪನೆಯಲ್ಲಿ ಹತ್ತು ಮೆಟ್ಟಿಲು ಇಳಿಸಿದೆ. ಏಳನೇ ಮೆಟ್ಟಿಲಿಗೆ ಅವರ ಹಣೆ ಗಂಟಾಯಿತು. ಕಣ್ಣು ಬಿಟ್ಟು, ‘ಇಳಿಯುವಾಗಲೇ ನನಗೆ ನೋವು ಜಾಸ್ತಿ ಅಲ್ವಾ?’ ಎಂದರು. 10ಕ್ಕೆ 6 ಇದ್ದ ನೋವು 8 ಆಗಿತ್ತು. ಅವತ್ತು ಫೀಸು ತೆಗೆದುಕೊಳ್ಳಲಿಲ್ಲ.

ಆಮೇಲೆ ಎಲ್ಲ ಬದಲಾಯಿಸಿದೆ. ಕುರ್ಚಿ ಮಾರಿ ಮಂಚ ಹಾಕಿದೆ, ಮಂಡಿ ಕೆಳಗೆ ಒಂದು ದಿಂಬು. ಅಲೆಯ ಬದಲು ನಮ್ಮ ಕ್ಲಿನಿಕ್ಕಿನ ಶೀಟಿನ ಮೇಲೆ ಬೀಳುವ ಜುಲೈ ಮಳೆಯನ್ನು ಮೊಬೈಲಿನಲ್ಲೇ ರೆಕಾರ್ಡ್ ಮಾಡಿದೆ. ಭಾಷೆ ಕೊಡವರ ಮಾತು, ಕೊಡವ ತಕ್ಕ್. ಮೆಟ್ಟಿಲು ಹೋಗಿ ಮಂಜು ಬಂತು. ಕಲ್ಪನೆಯಲ್ಲಿ ಸುಬೇದಾರರು ಐನ್‌ಮನೆಯ (ಕುಟುಂಬದ ಮೂಲ ಮನೆಯ) ಕಯ್ಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಕೂತಿದ್ದಾರೆ. ಗದ್ದೆಯಿಂದ ಮಂಜು ಮೇಲೇರುತ್ತದೆ. ತೋಟದಂಚಿನ ಸಿಲ್ವರ್ ಓಕ್ ಮರಗಳನ್ನು ಒಂದೊಂದಾಗಿ ಮುಚ್ಚುತ್ತದೆ. ಹತ್ತು ಮರ. ಅವರು ಅಲ್ಲಾಡಬೇಕಿಲ್ಲ, ಸುಮ್ನೆ ನೋಡಿದರೆ ಸಾಕು. ಎಂಟನೇ ಮರ ಮುಚ್ಚುವಾಗ ಅವರ ಕೆಳದುಟಿ ಸಡಿಲವಾಗಿ ಉಸಿರು ಹೊಟ್ಟೆಗಿಳಿಯಿತು. ನನ್ನ ಮೈ ಜುಮ್ಮೆಂದಿತು.

ಸಮ್ಮೋಹನದಲ್ಲಿರುವಾಗ ಹೇಳುವ ಸೂಚನೆಯನ್ನೂ, ಅಂದರೆ ಸಜೆಶನ್ನನ್ನೂ, ತಿದ್ದಿದೆ. ‘ನೋವು ಇಲ್ಲ’ ಎನ್ನುವುದನ್ನು ಬಿಟ್ಟೆ. ‘ನೋವು ಗದ್ದೆಯ ಆಚೆ ದಡದಲ್ಲಿದೆ, ಇರಲಿ’ ಎಂದೆ. ಮಾಂಟ್ರಿಯಲ್‌ನಲ್ಲಿ 1997ರಲ್ಲಿ ಪಿಯರ್ ರೈನ್‌ವಿಲ್ ತಂಡ ಹಿಪ್ನಾಸಿಸ್‌ನಲ್ಲಿರುವವರ ಕೈಯನ್ನು ಬಿಸಿನೀರಿನಲ್ಲಿ ಇಡಿಸಿ ಮೆದುಳಿನ ಸ್ಕ್ಯಾನ್ ಮಾಡಿತ್ತು. ಅಲ್ಲಿ ನೋವಿನ ತೀವ್ರತೆ ಹಾಗೇ ಇತ್ತು, ಸಜೆಶನ್‌ನಿಂದ ಬದಲಾಗಿದ್ದು ಅದು ಕೊಡುವ ಕಾಟ. ನಾನು ಹಿಡಿದಿದ್ದೂ ಆ ಕಾಟವನ್ನೇ. ಮೂರನೇ ಸೆಷನ್ನಿನ ಕೊನೆಗೆ ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ. ನಾಲ್ಕು ವರ್ಷ ಮಣ್ಣು ಹೊತ್ತು ಗಳಿಸಿದ್ದು ಅದು.

ಸುಬೇದಾರರಿಗೆ ಆರು ಸೆಷನ್ ಆಯಿತು, ಒಂದಕ್ಕೆ 500 ರೂಪಾಯಿ. ಮನೆಯಲ್ಲಿ ದಿನಾ ರಾತ್ರಿ ಹದಿನೈದು ನಿಮಿಷ ಆಡಿಯೋ. ಎರಡು ತಿಂಗಳಿಗೆ ನೋವು 3–4ಕ್ಕೆ ಬಂತು. ಮಾತ್ರೆಯನ್ನು ಅರ್ಧ ಮಾಡಿದ್ದು ಅವರ ಡಾಕ್ಟರು, ನಾನಲ್ಲ. ಡಾಕ್ಟರು ನೋಡದ ನೋವನ್ನು ನಾನು ಮುಟ್ಟುವುದೇ ಇಲ್ಲ. ಹೊಸ ನೋವು ಏನನ್ನೋ ಹೇಳಲು ಬಂದಿರುತ್ತದೆ, ಅದರ ಬಾಯಿ ಮುಚ್ಚಿಸಬಾರದು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಐಸ್ ನೀರಿನ ಬಕೆಟ್ಟಿನಲ್ಲಿ ನನ್ನದೇ ಕೈ ಇಟ್ಟೆ. ಸುಮ್ನೆ ಇಟ್ಟಾಗ 50 ಸೆಕೆಂಡ್, ಸೆಲ್ಫ್ ಹಿಪ್ನಾಸಿಸ್ ಮಾಡಿಕೊಂಡು ಇಟ್ಟಾಗ ಎರಡು ನಿಮಿಷದ ಹತ್ತಿರ. ಕಾಫಿ ಪರಿಮಳವನ್ನು ಆಂಕರ್, ಅಂದರೆ ಆ ನೆಮ್ಮದಿಯನ್ನು ಮತ್ತೆ ಕರೆಯುವ ಗುರುತು, ಮಾಡಲು ಹೋಗಿ ಸೋತೆ. ಹಗಲೆಲ್ಲ ಮೂಗಿಗೆ ಬಡಿಯುವ ವಾಸನೆ ಆಂಕರ್ ಆಗಿ ನಿಲ್ಲದು. ಈಗ ಹೆಬ್ಬೆರಳಿಗೆ ಉಂಗುರದ ಬೆರಳು ಒತ್ತಿಸುತ್ತೇನೆ.

ಕೈ ಮರಗಟ್ಟಿದೆ ಎಂದು ಕಲ್ಪಿಸಿಕೊಂಡು ಆ ಜೋಮನ್ನು ನೋವಿನ ಜಾಗಕ್ಕೆ ದಾಟಿಸುವ ಗ್ಲೋವ್ ಅನಸ್ತೇಶಿಯಾಗೆ ಜನವರಿ ಬೆಳಗಿನ ತೋಡಿನ ನೀರು ನನಗೆ ಚೆನ್ನಾಗಿ ಒಗ್ಗಿದೆ. ಆದರೆ ಸಂಧಿವಾತದವರಿಗೆ ಬೇಡ. ಥಂಡಿ ಎಂದ ಕೂಡಲೇ ಒಬ್ಬರ ಮಂಡಿ ಬಿಗಿಯಿತು, ಅವರಿಗೆ ಒಲೆಯ ಮುಂದೆ ಕಾಯಿಸಿದ ಕೈಯೇ ಬೇಕಾಯಿತು. ಥಂಡಿಯ ಕಲ್ಪನೆ ಕೆಲಸ ಮಾಡಿದ್ದು ಸರ್ಪಸುತ್ತು ವಾಸಿಯಾದರೂ ಉರಿ ಉಳಿದಿದ್ದ ಒಬ್ಬ ಯರವ ಬುಡಕಟ್ಟಿನ ಹೆಂಗಸಿಗೆ. ಬಲ ಪಕ್ಕೆಗೆ ರವಿಕೆ ತಾಗಿದರೂ ಕಿರುಚುತ್ತಿದ್ದರು. ತೋಡಿನಲ್ಲಿ ಅದ್ದಿದ ಕೈ ಎಂದುಕೊಂಡು, ಪಕ್ಕೆಗೆ ಮುಟ್ಟಿಸದೆ ಒಂದು ಬೆರಳಷ್ಟು ದೂರ ಹಿಡಿಯಲು ಹೇಳಿದೆ. ಐದನೇ ಸಲ ಕೈ ತಾನಾಗಿ ರವಿಕೆಯ ಮೇಲೆ ಕೂತಿತು. ಇಬ್ಬರೂ ಅತ್ತೆವು.

ಅವರಿಂದ ನಾನು ದುಡ್ಡು ತೆಗೆದುಕೊಂಡಿಲ್ಲ. ಕನ್ನಡದಲ್ಲಿ ಹೇಳಿದರೆ ಅವರಿಗೆ ಅರ್ಧ ಮಾತ್ರ ಇಳಿಯುತ್ತದೆ. ಹಾಗಾಗಿ ಅವರ ಸೊಸೆಯನ್ನು ಕೂರಿಸಿಕೊಂಡು ಯರವ ಭಾಷೆಯಲ್ಲಿ ರೆಕಾರ್ಡ್ ಮಾಡುತ್ತಿದ್ದೇನೆ. ನಾಲ್ಕು ನಿಮಿಷದಷ್ಟು ಆಗಿದೆ. ಕಾಫಿ ಕೊಯ್ಲು ಮುಗಿದ ಮೇಲೆ ಉಳಿದದ್ದು.