ಹಳೇ ಫಂಕ್ ರೆಕಾರ್ಡ್ ತಗೊಳ್ಳೋ ಮುಂಚೆ ಬೆಳಕಿಗೆ ಹಿಡಿದು ನೋಡಿ

ಹಿಪ್-ಹಾಪ್ ಕೇಳ್ತಾ ಕೇಳ್ತಾ ಸೋಲ್, ಫಂಕ್ ಅನ್ನೋ ಅಮೆರಿಕದ ಕಪ್ಪು ಜನರ ಸಂಗೀತದ ರೆಕಾರ್ಡುಗಳ ರುಚಿ ಹತ್ತಿಸಿಕೊಂಡವರಿಗೆ ಒಂದು ಸಲಹೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಕವರ್ ಚೆನ್ನಾಗಿದೆ ಅಂತ ದುಡ್ಡು ಕೊಟ್ಟುಬಿಡಬೇಡಿ. ತಟ್ಟೆಯನ್ನು ಅಂಚಲ್ಲಿ ಹಿಡಿದು ಬಲ್ಬಿನ ಕೆಳಗೆ ಸ್ವಲ್ಪ ಓರೆ ಮಾಡಿ. ಕಪ್ಪಗೆ ಮಿನುಗೋ ಮೈಮೇಲೆ ಒಂದು ಕಡೆ ಮಾತ್ರ ಬೂದು ಪಟ್ಟಿ ಕಂಡರೆ, ಅಲ್ಲಿ ಸೂಜಿ ಓಡಿ ಓಡಿ ಸವೆದಿದೆ ಅಂತಲೇ ಲೆಕ್ಕ. ಡಿಜೆ ಕೈಯಲ್ಲಿ ಪಳಗಿದ ರೆಕಾರ್ಡಾದರೆ ಅದು ಬ್ರೇಕ್ ಇರೋ ಜಾಗವೇ ಆಗಿರಬಹುದು, ಅಂದರೆ ಉಳಿದ ವಾದ್ಯಗಳು ಸುಮ್ಮನಾಗಿ ಡ್ರಮ್ಸ್ ಮಾತ್ರ ಉಳಿಯೋ ಭಾಗ. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಬ್ರೇಕ್ ಮುಗೀತಿದ್ದ ಹಾಗೇ ಇನ್ನೊಂದರಲ್ಲಿ ಶುರು ಮಾಡಿ ಜನರನ್ನು ಕುಣಿಸುತ್ತಿದ್ದರು. ಹಿಪ್-ಹಾಪ್ ಮೊಳೆತದ್ದೇ ಆ ಕೆಲವು ಸೆಕೆಂಡುಗಳಲ್ಲಿ. ಹಾಗಾಗಿ ಅಂಗಡಿಯಲ್ಲಿ ಪ್ಲೇಯರ್ ಇದ್ದರೆ ಆ ಜಾಗವನ್ನೇ ಹಾಕಿಸಿ ಕೇಳಿ.

ಬಿ ಸೈಡ್, ಅಂದರೆ ರೆಕಾರ್ಡಿನ ಹಿಂಬದಿ, ಅದನ್ನ ಬಿಡಲೇಬೇಡಿ! ದಿ ವಿನ್‌ಸ್ಟನ್ಸ್ ತಂಡದ ‘ಅಮೆನ್, ಬ್ರದರ್’ 1969ರಲ್ಲಿ ಬಂದ, ಬದಿಗೊಂದೇ ಹಾಡಿರೋ ಒಂದು ಸಿಂಗಲ್‌ನ ಬಿ ಸೈಡ್. ಅದರಲ್ಲಿ ಗ್ರೆಗರಿ ಕೋಲ್ಮನ್ ನುಡಿಸಿದ ಸುಮಾರು 7 ಸೆಕೆಂಡಿನ ಡ್ರಮ್ಸ್ ಮುಂದೆ ಸಾವಿರಾರು ಹಾಡುಗಳಿಗೆ ತಾಳವಾಯ್ತು. ಆ ಜಾಗ ಬಂದಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತೆ.

ಇನ್ನೊಂದು, ಅಮೆರಿಕದ 7 ಇಂಚಿನ ಸಿಂಗಲ್‌ಗಳಿಗೆ ನಡುವಿನ ತೂತು ಸಾಮಾನ್ಯವಾಗಿ ದೊಡ್ಡದು. ಆ ತೂತನ್ನು ಪ್ಲೇಯರಿನ ನಡುಗಡ್ಡಿಗೆ ಹೊಂದಿಸೋ ಬಿಲ್ಲೆ, ಅಂದರೆ ಅಡಾಪ್ಟರ್, ಮೊದಲೇ ತಂದಿಟ್ಟುಕೊಳ್ಳಿ.